ಎಡಗಿವಿಯ ವೀಣೆ

ಜಯನಗರದ ನಾಲ್ಕನೆಯ ‘ಟಿ’ ಬ್ಲಾಕಿನ ಒಂದು ಮಹಡಿಮನೆಯಲ್ಲಿ ರಾತ್ರಿ ಹತ್ತು ಗಂಟೆಯ ಮೇಲೆ ವೀಣಾವಾದನ ನಡೆಯುತ್ತದೆ. ಬೀದಿಯಲ್ಲಿ ಹೋಗುವವರಿಗೆ ಅದು ಕೇಳಿಸದು; ಪಕ್ಕದ ಕೋಣೆಯಲ್ಲಿ ಮಲಗಿದ ಮಗಳಿಗೂ ಕೇಳಿಸದು. ನುಡಿಸಿದಾಕೆ ತೀರಿಕೊಂಡು ನಾಲ್ಕು ವರ್ಷಗಳಾದುವು. ಕೇಳುವವರು ಆಕೆಯ ಪತಿ, ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಅರುವತ್ತೆಂಟು ವಯಸ್ಸಿನ ಮೇಷ್ಟರೊಬ್ಬರು. 1984ರ ದಸರಾ ರಜೆಯಲ್ಲಿ ಅವರು ಟೇಪ್‌ರಿಕಾರ್ಡರೊಂದನ್ನು ಎರವಲು ತಂದು, ಚಾಪೆಯ ಮೇಲಿಟ್ಟು, ಹೆಂಡತಿ ನುಡಿಸಿದ ಏಳು ಕೃತಿಗಳನ್ನು ಒಂದೇ ಮೈಕಿನಿಂದ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಅಂದು ಅದು ವಿನೋದಕ್ಕಾಗಿ ಮಾಡಿದ ಕೆಲಸ. ಇಂದು ಆ ಮನೆಯಲ್ಲಿ ಅದಕ್ಕಿಂತ ಬೆಲೆಯುಳ್ಳ ವಸ್ತು ಬೇರೊಂದಿಲ್ಲ.

ಹಗಲಿನಲ್ಲಿ ಕೇಳೋಣವೆಂದರೆ ಬೀದಿಯ ವಾಹನಗಳ ಗಲಭೆ. ರಾತ್ರಿಯಲ್ಲಿ ಕೇಳೋಣವೆಂದರೆ ಮನೆಯವರ ನಿದ್ರೆಗೆ ಭಂಗ. ಆದುದರಿಂದ ಅಳಿಯ ಅವರಿಗೆ ಸೆನ್‌ಹೈಸರ್ ಎಚ್.ಡಿ. 650 ಎಂಬ ಹೆಡ್‌ಫೋನನ್ನು ತಂದುಕೊಟ್ಟನು. ಉಪಕರಣವೇನೋ ಉತ್ತಮವಾದುದೇ. ಆದರೆ ಅದರ ವಿದ್ಯುತ್ ತಡೆ 300 ಓಮ್. ಹಳೆಯ ಕ್ಯಾಸೆಟ್ ಯಂತ್ರದ ಹೆಡ್‌ಫೋನ್ ಕಂಡಿಗೆ ಇಂಥ ಭಾರವನ್ನು ಹೊರುವ ಶಕ್ತಿಯಿರಲಿಲ್ಲ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ವೀಣೆ ಎರಡು ಮನೆಯಾಚೆ ನುಡಿದಂತೆ ಕೇಳುತ್ತಿತ್ತು. ಹೀಗಿರಲು, ಎಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗನು, “ತಾತ, ಮೇಜಿನ ಮೇಲಿಡುವಂಥ ಹೆಡ್‌ಫೋನ್ ಆಂಪ್ಲಿಫೈಯರ್ ಒಂದನ್ನು ನಾನೇ ಕಟ್ಟಿಕೊಡುತ್ತೇನೆ” ಎಂದನು.

ಅವನು ಆರಿಸಿಕೊಂಡ ವಿನ್ಯಾಸದ ಹೆಸರು ಆಬ್ಜೆಕ್ಟಿವ್-2. ಅದರ ವೃತ್ತಾಂತವು ಮೇಷ್ಟರ ಕುತೂಹಲವನ್ನು ಕೆರಳಿಸಿತು. 2011ರಲ್ಲಿ ಒಬ್ಬನು ತನ್ನ ನಿಜನಾಮವನ್ನು ಮರೆಸಿ, ಅಡ್ಡಹೆಸರಿನಲ್ಲಿ, ಈ ಯಂತ್ರದ ನಕ್ಷೆಯನ್ನೂ ಬಿಡಿಭಾಗಗಳ ಪಟ್ಟಿಯನ್ನೂ ಅಳತೆಗಳನ್ನೂ ಲೋಕಕ್ಕೆ ಧಾರೆಯೆರೆದನು. ಸಾವಿರಾರು ರೂಪಾಯಿಗಳ ಯಂತ್ರಗಳು ಮಾಡುವ ಕೆಲಸವನ್ನು ಅಲ್ಪವ್ಯಯದಲ್ಲಿ ಮಾಡಬಹುದೆಂದೂ, ಅದನ್ನು ಬಾಯಿಮಾತಿನಿಂದಲ್ಲದೆ ಅಳತೆಯಿಂದ ತೋರಿಸಬೇಕೆಂದೂ ಅವನ ವಾದ. ಮರುವರ್ಷ ಅವನು ಬರೆಯುವುದನ್ನು ನಿಲ್ಲಿಸಿ ಕಣ್ಮರೆಯಾದನು. ನಮ್ಮಲ್ಲಿಯೂ ಕರ್ತೃವಿನ ಹೆಸರು ಗೊತ್ತಿಲ್ಲದ ಗ್ರಂಥಗಳುಂಟಷ್ಟೆ. ಅವುಗಳ ಪ್ರಾಮಾಣ್ಯಕ್ಕೆ ಅದರಿಂದ ಕುಂದಿಲ್ಲ.

ಬಿಡಿಭಾಗಗಳಲ್ಲಿ ಕೆಲವು ಅಂಚೆಯಲ್ಲಿ ಬಂದುವು, ಕೆಲವು ಎಸ್.ಪಿ. ರಸ್ತೆಯಲ್ಲಿ ದೊರೆತುವು. ತೊಡಕಾದುದು ಅಡಾಪ್ಟರು. ಈ ಯಂತ್ರಕ್ಕೆ ಬೇಕಾದುದು ಪರ್ಯಾಯ ವಿದ್ಯುತ್ತು. ಅಂಗಡಿಗಳಲ್ಲಿ ದೊರೆಯುವ ಅಡಾಪ್ಟರುಗಳೆಲ್ಲ ಸಾಮಾನ್ಯವಾಗಿ ನೇರ ವಿದ್ಯುತ್ತಿನವು. ಕಡೆಗೆ 15 ವೋಲ್ಟಿನ ಒಂದು ಟ್ರಾನ್ಸ್‌ಫಾರ್ಮರನ್ನು ಕೊಂಡು, ಬೇರೆಯಾದ ಡಬ್ಬಿಯಲ್ಲಿ ಭದ್ರಪಡಿಸಬೇಕಾಯಿತು. ಮೂರು ಭಾನುವಾರ ಮನೆಯಲ್ಲಿ ಬೆಸುಗೆಯ ಹೊಗೆ. ನಾಲ್ಕನೆಯ ಭಾನುವಾರ, ಅಂಗೈಯಗಲದ ಕಪ್ಪು ಪೆಟ್ಟಿಗೆ ಮೇಷ್ಟರ ಮೇಜಿನ ಮೇಲೆ ಬಂದು ಕುಳಿತಿತು.

ಅದರ ಅಂತರಂಗವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಒಳಬಂದ ಧ್ವನಿಸಂಕೇತವನ್ನು ಮೊದಲು ಎರಡೂವರೆ ಪಾಲು, ಇಲ್ಲವೆ ಗುಂಡಿಯೊತ್ತಿದರೆ ಆರೂವರೆ ಪಾಲು ಹಿಗ್ಗಿಸಲಾಗುವುದು. ವಾಲ್ಯೂಮ್ ಗುಂಡಿ ಇರುವುದು ಆಮೇಲೆ. ಲೋಕರೂಢಿಯಲ್ಲಿ ಇದು ಹಿಂದುಮುಂದು. ಮೊದಲು ತಗ್ಗಿಸಿ ಬಳಿಕ ಹಿಗ್ಗಿಸುವುದೇ ಬಹುಜನರ ಪದ್ಧತಿ. ಹಿಗ್ಗಿಸುವ ಅಂಗವು ತಾನೇ ಹುಟ್ಟಿಸುವ ಸೂಕ್ಷ್ಮವಾದ ಭೋರ್ಗರೆತವನ್ನೂ ಧ್ವನಿಯ ಜೊತೆಗೇ ತಗ್ಗಿಸಿಬಿಡಬೇಕೆಂಬುದು ಈ ವಿನ್ಯಾಸಕನ ಉದ್ದೇಶ. ಯುಕ್ತಿ ಶ್ಲಾಘ್ಯವಾದುದು, ಆದರೆ ಅದಕ್ಕೊಂದು ತೆರವುಂಟು. ಸಿ.ಡಿ. ಯಂತ್ರವು 2 ವೋಲ್ಟನ್ನು ಕೊಡುತ್ತದೆನ್ನಿ. ಆರೂವರೆ ಪಾಲಾದರೆ 13 ವೋಲ್ಟು; ಪೆಟ್ಟಿಗೆ ಸಹಿಸುವುದು ಸುಮಾರು 7. ಅಲೆಗಳ ತಲೆ ಅಲ್ಲಿಯೇ ಕತ್ತರಿಸಿಹೋಗುವುದು. ಬಳಿಕ ಗುಂಡಿಯನ್ನು ಎಷ್ಟು ತಗ್ಗಿಸಿದರೂ ಹೋದ ತಲೆ ಬಾರದು. ಹಾಲು ಉಕ್ಕಿ ಒಲೆಯ ಪಾಲಾದ ಮೇಲೆ ಲೋಟಕ್ಕೆ ಎಷ್ಟು ನಾಜೂಕಾಗಿ ಬಗ್ಗಿಸಿದರೇನು? ಕ್ಯಾಸೆಟ್ ಯಂತ್ರದ ಸಂಕೇತವು ಇದಕ್ಕಿಂತ ಬಲು ಸಣ್ಣದಾದುದರಿಂದ ಮೇಷ್ಟರಿಗೆ ಈ ಭಯವಿರಲಿಲ್ಲ.

ಹೊರಬಾಗಿಲಿನಲ್ಲಿ ಒಂದೊಂದು ಕಿವಿಗೂ ಎರಡೆರಡು ಆಂಪ್ಲಿಫೈಯರುಗಳು ಒಂದೇ ನೊಗಕ್ಕೆ ಹೂಡಿದ ಜೋಡೆತ್ತಿನಂತೆ ದುಡಿಯುತ್ತವೆ. ಅವು ಒಂದನ್ನೊಂದು ಹಾಯದಿರಲೆಂದು ಪ್ರತಿಯೊಂದಕ್ಕೂ 1 ಓಮಿನ ತಡೆ; ಎರಡೂ ಸೇರಿದರೆ ಅರ್ಧ ಓಮ್. ಹೆಡ್‌ಫೋನಿನ ತಡೆಯು ಯಂತ್ರದ ತಡೆಗಿಂತ ಎಂಟು ಪಾಲಾದರೂ ಹೆಚ್ಚಿರಬೇಕೆಂಬುದು ಬಲ್ಲವರ ಲೆಕ್ಕ. ಇಲ್ಲಿ ಅದು ಆರುನೂರು ಪಾಲು. ಇನ್ನೊಂದು ಏರ್ಪಾಡು ಮೇಷ್ಟರಿಗೆ ಬಹಳ ಹಿಡಿಸಿತು. ಪೆಟ್ಟಿಗೆಯಲ್ಲಿ 9 ವೋಲ್ಟಿನ ಎರಡು ಬ್ಯಾಟರಿಗಳುಂಟು. ಒಂದು ಬರಿದಾದರೆ ಕಾವಲಿನ ಅಂಗವೊಂದು ಎರಡನ್ನೂ ಒಟ್ಟಿಗೆ ಕಡಿದುಬಿಡುತ್ತದೆ, ಒಂದೇ ಕಡೆಯ ವಿದ್ಯುತ್ತು ಹರಿದು ಹೆಡ್‌ಫೋನು ಸುಡಬಾರದಲ್ಲವೆ! ವಿದ್ಯುತ್ತು ಹೋಗಿ ಮನೆಯ ಇನ್ವರ್ಟರು ಗುಂಯ್‌ಗುಡತೊಡಗಿದಾಗ ಮೇಷ್ಟರು ಗೋಡೆಯ ತಂತಿಯನ್ನು ಕಿತ್ತು, ಈ ಬ್ಯಾಟರಿಗಳಿಂದ ನಿಶ್ಶಬ್ದವಾಗಿ ಕೇಳುವರು.

ಪರೀಕ್ಷೆ ಮೊದಲಾಯಿತು. ಕ್ಯಾಸೆಟ್ಟನ್ನು ಓಡಿಸದೆ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಏನೂ ಕೇಳಿಸಲಿಲ್ಲ. ಮೌನವನ್ನು ಕೆಡಿಸದಿರುವುದು ಇಂಥ ಯಂತ್ರದ ಮೊದಲ ಗುಣ. ತರುವಾಯ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಒಂದೊಂದು ಮೀಟೂ ಬಿಡಿಮುತ್ತಿನಂತೆ ಕೇಳುವ ಮೈಸೂರು ಬಾನಿ ಅದು. ನಾದವು ತುಂಬಿಕೊಂಡು ಬಂದಿತು. ಮೇಷ್ಟರು ಮೊಮ್ಮಗನ ಬೆನ್ನು ತಟ್ಟಿದರು. ಆಮೇಲೆ 1984ರ ಕ್ಯಾಸೆಟ್ಟು.

ಒಂದೇ ಮೈಕಿನ ಮುದ್ರಣ ಎರಡು ಕಿವಿಗಳಿಗೂ ಸಮಾನವಾಗಿ ಬರುವುದರಿಂದ, ನಾದವು ತಲೆಯ ನಟ್ಟನಡುವೆ ನಿಲ್ಲಬೇಕು. ಅದು ನಿಲ್ಲಲಿಲ್ಲ. ಆಕೆ ಎಡಕ್ಕೆ ಸರಿದು ಕುಳಿತಿದ್ದಳು. “ಬಲಗಡೆ ನಿದ್ದೆ ಮಾಡುತ್ತಿದೆಯಪ್ಪ ನಿನ್ನ ಪೆಟ್ಟಿಗೆ” ಎಂದರು ಮೇಷ್ಟರು.

ಹುಡುಗನು ಮೊದಲು ವಾಲ್ಯೂಮ್ ಗುಂಡಿಯನ್ನು ಶಂಕಿಸಿದನು. ಇಂಥ ಜೋಡಿಗುಂಡಿಗಳಲ್ಲಿ ಆರಂಭದ ತಿರುವಿನಲ್ಲಿ ಎಡಬಲಗಳು ಸಮವಾಗಿರುವುದಿಲ್ಲವೆಂಬುದು ಪ್ರಸಿದ್ಧವಾದ ದೋಷ. ಹಿಗ್ಗನ್ನು ಎರಡೂವರೆಗೆ ಇಳಿಸಿ ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿ ನೋಡಿದ್ದಾಯಿತು. ಗುಂಡಿಯನ್ನೇ ಬದಲಿಸಿದ್ದಾಯಿತು. ಬೆಸುಗೆಗಳನ್ನೆಲ್ಲ ಮತ್ತೆ ಕರಗಿಸಿದ್ದಾಯಿತು. ಮೀಟರಿಟ್ಟು ಅಳೆದರೆ ಎರಡು ಕಡೆಯೂ ಒಂದೇ ಅಂಕ. “ನನಗೆ ನಡುವೆಯೇ ಕೇಳಿಸುತ್ತದೆ ತಾತ” ಎಂದನು. ಕಟ್ಟಿದವನ ಕಿವಿ ತಾನು ಕಟ್ಟಿದ್ದನ್ನು ಹೊಗಳದೆ ಇನ್ನೇನು ಮಾಡೀತು ಎಂದು ಮೇಷ್ಟರ ಉತ್ತರ. “ಮೀಟರಿಗೆ ಸಂಗೀತ ತಿಳಿಯುವುದೆ?” ಎಂದೂ ಕೇಳಿದರು. ಒಂದು ರಾತ್ರಿ ಬೇಸರ ಮಿತಿಮೀರಿ, “ಹೆಸರಿಲ್ಲದವನ ನಕ್ಷೆ, ಅನುಭವವಿಲ್ಲದವನ ಕೈ, ಇನ್ನು ಹೇಗಾದೀತು!” ಎಂದುಬಿಟ್ಟರು. ಹುಡುಗನು ಪೆಟ್ಟಿಗೆಯ ಮಾತನ್ನು ಬಿಟ್ಟನು. ಊಟದ ಹೊತ್ತಿನಲ್ಲಿಯೂ ಮಾತು ಕಡಿಮೆಯಾಯಿತು. ಮಗಳು ಅಪ್ಪನ ಮುಖವನ್ನೊಮ್ಮೆ ಮಗನ ಮುಖವನ್ನೊಮ್ಮೆ ನೋಡಿ ಸುಮ್ಮನಾದಳು.

ಎರಡು ವಾರ ಕಳೆದ ಮೇಲೆ ಅವನು ಬಿ.ಟಿ.ಎಂ. ಬಡಾವಣೆಯಲ್ಲಿರುವ ಗೆಳೆಯನೊಬ್ಬನ ಮನೆಯಿಂದ, ತನ್ನ ಪೆಟ್ಟಿಗೆಯ ಹತ್ತು ಪಾಲು ಬೆಲೆಯ ಇನ್ನೊಂದು ಆಂಪ್ಲಿಫೈಯರನ್ನು ತಂದನು. ಮೇಷ್ಟರು ಕೇಳಿದೊಡನೆಯೇ ತಲೆದೂಗಿದರು, “ಇದು ಜೀವವುಳ್ಳದ್ದು.” ಹುಡುಗನು ಅಳೆದು ನೋಡಿದರೆ ಅದು ತುಸು ಗಟ್ಟಿಯಾಗಿ ನುಡಿಯುತ್ತಿತ್ತು, ಅಷ್ಟೆ. ಗಟ್ಟಿಯಾದುದೆಲ್ಲ ಕಿವಿಗೆ ಚೆಲುವಾಗಿಯೇ ತೋರುವುದು. ಭಾಷಣಕಾರರು ಇದನ್ನು ಬಹುಕಾಲದಿಂದ ಬಲ್ಲರು.

ಆಗ ಮೇಷ್ಟರಿಗೆ ಭರತನ ನೆನಪಾಯಿತು. ನಾಟ್ಯಶಾಸ್ತ್ರದ 28ನೆಯ ಅಧ್ಯಾಯದಲ್ಲಿ ಶ್ರುತಿಗಳ ನಿರ್ಣಯಕ್ಕಾಗಿ ಎರಡು ವೀಣೆಗಳ ಪ್ರಯೋಗವನ್ನು ಹೇಳಿದೆ. ಗಾತ್ರದಲ್ಲಿ, ತಂತಿಯಲ್ಲಿ, ಶ್ರುತಿಯಲ್ಲಿ ಎರಡೂ ಮೊದಲು ಸಮವಾಗಿರತಕ್ಕದ್ದು; ಬಳಿಕ ಒಂದನ್ನು ಅಚಲವಾಗಿಟ್ಟು ಇನ್ನೊಂದನ್ನು ಹಂತಹಂತವಾಗಿ ಇಳಿಸಿ ಹೋಲಿಸತಕ್ಕದ್ದು. ಅವನ್ನೇ ಧ್ರುವವೀಣೆ ಚಲವೀಣೆಗಳೆಂದು ಆಮೇಲಿನವರು ಕರೆದರು. ಒಂದನ್ನುಳಿದು ಮಿಕ್ಕೆಲ್ಲವನ್ನೂ ಸಮಗೊಳಿಸದೆ ಮಾಡಿದ ಹೋಲಿಕೆ ಹೋಲಿಕೆಯೇ ಅಲ್ಲವೆಂದು ಅದರ ತಾತ್ಪರ್ಯ. ಪಾಠಶಾಲೆಯಲ್ಲಿ ಅದನ್ನು ಓದಿದವರು ತಾವೇ, ಮರೆತವರೂ ತಾವೇ.

ಮೇಷ್ಟರ ಅಪ್ಪಣೆಯಂತೆ ಹುಡುಗನು 400 ಕಂಪನಗಳ ಒಂದೇ ಸ್ವರವನ್ನು ಹರಿಯಿಸಿ, ಮೀಟರಿನಲ್ಲಿ ಎರಡು ಯಂತ್ರಗಳನ್ನೂ ಸಮಗೊಳಿಸಿದನು. ಪಂಚೆಯೊಂದನ್ನು ಅಡ್ಡಕಟ್ಟಿ, ನಾಣ್ಯ ಚಿಮ್ಮಿ, ಬಿದ್ದಂತೆ ಇದನ್ನೋ ಅದನ್ನೋ ಜೋಡಿಸಿದನು. ಇಪ್ಪತ್ತು ಸಲ ಮೇಷ್ಟರು ಕೇಳಿ ಹೇಳಿದರು, ಒಂಬತ್ತು ಸರಿ. ಹುಡುಗನು ಕುಳಿತಾಗ ಮೇಷ್ಟರು ನಾಣ್ಯ ಚಿಮ್ಮಿದರು, ಹನ್ನೊಂದು ಸರಿ. ಯಾರೂ ಕೇಳದೆ ಬರಿಯ ನಾಣ್ಯವನ್ನೇ ನಂಬಿದ್ದರೂ ಇಷ್ಟೇ ಆಗುತ್ತಿತ್ತು. ಹತ್ತು ಪಾಲು ಬೆಲೆಯ ಯಂತ್ರಕ್ಕೂ ಮೊಮ್ಮಗನ ಯಂತ್ರಕ್ಕೂ ಕಿವಿ ಕಂಡುಹಿಡಿಯಬಹುದಾದ ಭೇದ ಆ ಕೋಣೆಯಲ್ಲಿ ಕಾಣಲಿಲ್ಲ.

ಆದರೆ ಎರಡು ಯಂತ್ರಗಳಲ್ಲಿಯೂ ಆಕೆ ಎಡಕ್ಕೇ ಕುಳಿತಿದ್ದಳು.

ಹುಡುಗನು ತಡವರಿಸುತ್ತ, “ತಾತ, ಹೆಡ್‌ಫೋನನ್ನು ಒಮ್ಮೆ ತಿರುಗಿಸಿ ಹಾಕಿಕೊಳ್ಳಿ” ಎಂದನು. ಅನ್ವಯವ್ಯತಿರೇಕಗಳನ್ನು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದವರಿಗೆ ಈ ಮಾತಿನ ಅರ್ಥವಾಗಲು ಕ್ಷಣವೂ ಹಿಡಿಯಲಿಲ್ಲ. ದೋಷವು ಯಂತ್ರದಲ್ಲಿದ್ದರೆ ವೀಣೆ ಈಗ ಬಲಕ್ಕೆ ಹೋಗಬೇಕು. ತಿರುಗಿಸಿ ಹಾಕಿಕೊಂಡರು. ವೀಣೆ ಕದಲಲಿಲ್ಲ. ಕಾಮಾಲೆಯಾದವನು ಶಂಖ ಹಳದಿಯೆಂದು ಶಂಖವನ್ನು ದೂರುವ ದೃಷ್ಟಾಂತವನ್ನು ಅವರು ಎಷ್ಟು ಸಲ ಹೇಳಿದ್ದರೋ! ಬಹಳ ಹೊತ್ತು ಹೆಡ್‌ಫೋನನ್ನು ಕಳಚದೆ ಕುಳಿತಿದ್ದು, ಕಡೆಗೆ, “ನಿನ್ನ ಪೆಟ್ಟಿಗೆ ಸರಿಯಾಗಿದೆಯಪ್ಪ. ನಾನೇ ತಪ್ಪು ಮಾತಾಡಿದೆ” ಎಂದರು. ಹುಡುಗನು ತಂತಿಗಳನ್ನು ಸುತ್ತುವುದರಲ್ಲಿ ಮಗ್ನನಾದವನಂತೆ ತಲೆ ತಗ್ಗಿಸಿಕೊಂಡನು.

ಕರ್ಣಶಷ್ಕುಲಿಯಿಂದ ಸುತ್ತುವರಿದ ಆಕಾಶವೇ ಶ್ರೋತ್ರೇಂದ್ರಿಯವೆಂದು ತಾರ್ಕಿಕರ ಮತ. ಆ ಆಕಾಶದಲ್ಲಿ ಗುಗ್ಗೆ ತುಂಬಿದರೆ ಗತಿಯೇನೆಂದು ಅವರು ವಿಚಾರಿಸಿದಂತಿಲ್ಲ. ಕಿವಿಯ ವೈದ್ಯರು ಬಲಗಿವಿಯಿಂದ ತೆಗೆದ ಗುಗ್ಗೆಯನ್ನು ತಟ್ಟೆಯಲ್ಲಿ ತೋರಿಸಿದಾಗ ಮೇಷ್ಟರಿಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದುವು. ನಗು ಉಳಿದುದು ಅಲ್ಪಕಾಲ. ಬಳಿಕ ನಿಶ್ಶಬ್ದವಾದ ಗೂಡಿನಲ್ಲಿ ಕುಳ್ಳಿರಿಸಿ ಶ್ರವಣಪರೀಕ್ಷೆ ಮಾಡಿದರು. ಎರಡು ಕಿವಿಗಳ ಗೆರೆಗಳೂ ಈಗ ಜೊತೆಜೊತೆಯಾಗಿಯೇ ಬಂದು, 3000 ಕಂಪನಗಳಾಚೆ ನಂದಿಬೆಟ್ಟದ ಅಂಚಿನಂತೆ ಇಳಿದುಹೋಗಿದ್ದುವು. ಇದು ವಯೋಧರ್ಮ, ಒಳಗಿವಿಯ ಸೂಕ್ಷ್ಮರೋಮಕೋಶಗಳು ಒಮ್ಮೆ ನಶಿಸಿದರೆ ಮನುಷ್ಯರಲ್ಲಿ ಮರಳಿ ಹುಟ್ಟವು. ಉಳಿದುದನ್ನಾದರೂ ಕಾಪಾಡಿಕೊಳ್ಳಬೇಕೆಂದು ವೈದ್ಯರು ಎಚ್ಚರಿಸಿದರು. 80 ಡೆಸಿಬಲ್ಲಿನ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಕಾಲವನ್ನು ಅರ್ಧಕ್ಕಿಳಿಸತಕ್ಕದ್ದು. ಪೆಟ್ಟಿಗೆಗೆ ಇದಕ್ಕಿಂತ ಎಷ್ಟೋ ಪಾಲು ಗಟ್ಟಿಯಾಗಿ ನುಡಿಯುವ ಶಕ್ತಿಯಿದೆಯೆಂಬುದು ಅದರ ದೊಡ್ಡ ಗುಣ, ಮುದುಕರ ಕೈಯಲ್ಲಿ ಅದೇ ದೊಡ್ಡ ಅಪಾಯ. ಹುಡುಗನು ಅಳೆದು ನೋಡಿ, ಗುಂಡಿಯ ಮೇಲ್ಮಿತಿಯಲ್ಲಿ ಒಂದು ಬಿಳಿಯ ಚುಕ್ಕೆಯಿಟ್ಟನು. ಆಯುಧಪೂಜೆಯಲ್ಲಿ ಮಗಳು ಅದರ ಮೇಲೆಯೇ ಕುಂಕುಮವಿಟ್ಟಳು.

ಅಂದು ರಾತ್ರಿ ಕ್ಯಾಸೆಟ್ಟನ್ನು ಹಾಕಿದಾಗ ಆಕೆ ನಡುವೆ ಬಂದು ಕುಳಿತಳು. ಕಿರುಬೆರಳಿನಿಂದ ತಾಳದ ತಂತಿಗಳನ್ನು ಮೀಟುವುದು ಸ್ಫುಟವಾಗಿ ಕೇಳಿಸಿತು. ವೀಣೆಯ ಸ್ವರಗಳ ಮೂಲಕಂಪನಗಳು ಬಹುಮಟ್ಟಿಗೆ ಸಾವಿರದೊಳಗಿರುವುವಾದ್ದರಿಂದ ರಾಗಕ್ಕೆ ಕೊರತೆಯಿರಲಿಲ್ಲ. ಆದರೆ ತಂತಿಗೆ ಉಗುರು ತಗಲುವ ‘ಟಿಣ್’ ಎಂಬ ಮೊನೆ ಇರುವುದು ಆ ಅಂಚಿನಾಚೆ. ಮದುವೆಯಾದ ಹೊಸತರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವರು ಮೊದಲು ಗುರುತಿಸಿದ್ದು ಅದನ್ನೇ.

“ಉಗುರಿನ ಸದ್ದು ಕೇಳುತ್ತದೆಯೇನೋ ನಿನಗೆ?”

ಹುಡುಗನು ಹೆಡ್‌ಫೋನನ್ನು ಧರಿಸಿ ಕಣ್ಣು ಮುಚ್ಚಿದನು. “ಕೇಳುತ್ತದೆ ತಾತ. ಚೆನ್ನಾಗಿ ಕೇಳುತ್ತದೆ. ಮಳೆ ನಿಂತ ಮೇಲೆ ತಗಡಿನ ಮೇಲೆ ಹನಿ ಬೀಳುತ್ತದಲ್ಲ, ಹಾಗೆ.”

“ಎಲ್ಲ ಮೀಟಿಗೂ?”

“ಎಲ್ಲದಕ್ಕೂ ಅಲ್ಲ. ಅಜ್ಜಿ ಕೆಲವು ಕಡೆ ಬೇಕೆಂದೇ ಮೆತ್ತಗೆ ನುಡಿಸಿದ್ದಾರೆ.”

ಅಂದಿನಿಂದ ರಾತ್ರಿಯ ಕೇಳ್ಮೆಗೆ ಇಬ್ಬರಾದರು. ಹುಡುಗನು ಕೇಳಿ ಹೇಳುವನು. ಮೇಷ್ಟರು ಒಂದು ನೋಟುಪುಸ್ತಕದಲ್ಲಿ ಕೃತಿಯನ್ನೂ ಆವರ್ತವನ್ನೂ ಗುರುತುಮಾಡುವರು. ನಾಲ್ಕನೆಯ ಕೃತಿ ಮುಗಿದಾಗ ಅವನು ಕೈಯೆತ್ತಿ, “ಇಲ್ಲಿ ಅಜ್ಜಿ ಮೆಲ್ಲನೆ ಏನೋ ಹೇಳುತ್ತಾರೆ ತಾತ. ‘ಸಾಕೆ’ ಎಂದೋ ಏನೋ” ಎಂದನು.

“ಸಾಕೆ ಅಲ್ಲ” ಎಂದರು ಮೇಷ್ಟರು, ಬರೆಯುವುದನ್ನು ನಿಲ್ಲಿಸದೆ. “‘ಸಾಕಾಯ್ತಾ’ ಅಂತ ಕೇಳಿದ್ದು. ನಾನು ಇನ್ನೊಂದು ಆಗಲಿ ಎಂದೆ.”