ಹೊರಗಿನ ಕುರ್ಚಿ

ಒಳಗಿನ ಕುರ್ಚಿಗೆ ಮನೆಯವರಷ್ಟೇ ಹಕ್ಕುದಾರರು. ಹೊರಗಿನ ಕುರ್ಚಿಗೆ ಬಿಸಿಲು, ಮಳೆ, ಕಾಗೆ, ಪಕ್ಕದ ಮನೆಯ ಬೆಕ್ಕು ಎಲ್ಲರೂ ಪಾಲುದಾರರು.

ಹೊರಗೆ ಕೂರುವ ಖಯಾಲಿ ಹತ್ತಿದವರು ಇದನ್ನು ಬಲ್ಲರು. ಅವರು ಮೊದಲು ಅಂಗಡಿಗೆ ಓಡುವುದಿಲ್ಲ. ಬಾಲ್ಕನಿಯಲ್ಲೋ ಜಗಲಿಯಲ್ಲೋ ಬರಿನೆಲದ ಮೇಲೆ ಕೂತು, ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ, ಮಳೆಯ ಎರಚಲು ಎಷ್ಟು ದೂರ ಒಳಗೆ ನುಗ್ಗುತ್ತದೆ ಎಂದು ನೋಡುತ್ತಾರೆ. ಬೆಂಗಳೂರಿನಲ್ಲಿ ಈ ಲೆಕ್ಕ ಸ್ವಲ್ಪ ಮೋಸದ್ದು. ಏಪ್ರಿಲ್ 24ರ ಸುಮಾರಿಗೆ ಅಲ್ಲಿ ನಡುಹಗಲ ಸೂರ್ಯ ನೆತ್ತಿಗೆ ಬಂದು, ಆಗಸ್ಟ್ 18ರ ಆಸುಪಾಸಿನವರೆಗೂ ಉತ್ತರಕ್ಕೆ ವಾಲಿರುತ್ತಾನೆ. ‘ವರ್ಷವಿಡೀ ತಂಪು’ ಎಂದು ಹೊಗಳಿಸಿಕೊಂಡ ಉತ್ತರದ ಬಾಲ್ಕನಿಗೆ ಆಗ ಬೆಳಗು ಸಂಜೆ ಓರೆಬಿಸಿಲು. ದಕ್ಷಿಣದ ಬಾಲ್ಕನಿಗೆ ಡಿಸೆಂಬರಿನ ಹಿತವಾದ ಬಿಸಿಲು. ಕರಾವಳಿ, ಮಲೆನಾಡುಗಳಲ್ಲಿ ಇಷ್ಟು ತಲೆಬಿಸಿಯಿಲ್ಲ. ಮುಂಗಾರಿನ ಗಾಳಿ ಪಡುವಣದಿಂದಲೇ ಬೀಸುತ್ತದೆ. ಆ ಕಡೆಗೆ ಸೋಗೆಯ ತಟ್ಟಿ ಕಟ್ಟದಿದ್ದರೆ ಆಷಾಢದಲ್ಲಿ ಜಗಲಿಯ ಆಸೆ ಬಿಡಬೇಕು.

ಜಾಗ ಗೊತ್ತಾದ ಮೇಲೆ ಸಾಮಾನಿನ ಮಾತು. ಬೆತ್ತಕ್ಕೆ ಮರುಳಾಗದವರು ಕಡಿಮೆ. ಬಿದಿರು ಹುಲ್ಲಿನ ಜಾತಿ, ಒಳಗೆ ಟೊಳ್ಳು. ಬೆತ್ತವೋ ತಾಳೆಯ ಕುಲದ ಬಳ್ಳಿ, ಒಳಗೂ ಗಟ್ಟಿ. ಅದಕ್ಕೇ ಅದನ್ನು ಕಾಯಿಸಿ ಬೇಕಾದ ಹಾಗೆ ಬಾಗಿಸಬಹುದು. ಪಶ್ಚಿಮ ಘಟ್ಟದ ಕಾಡಿನ ತೇವದಲ್ಲಿ ಬೆಳೆಯುವ ಬಳ್ಳಿಯಲ್ಲವೇ ಎಂದು ಕುರ್ಚಿಯನ್ನು ಮಳೆಗೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಸುಡುಬಿಸಿಲಿಗಿಟ್ಟರೆ ಸೀಳುತ್ತದೆ. ಸೂರಿನಡಿಯ ನೆರಳೇ ಅದರ ತಾಣ. ಹೆಣೆದ ಸೀಟು ಜೋತುಬಿದ್ದರೆ ಅಡಿಯಿಂದ ಉಗುರುಬೆಚ್ಚಗಿನ ನೀರು ಸವರಿ ರಾತ್ರಿಯಿಡೀ ಒಣಗಲು ಬಿಡುತ್ತಾರೆ. ಬೆತ್ತದ ನಾರು ಒಣಗುತ್ತ ಬಿಗಿಯುತ್ತದೆ. ಇನ್ನು ಶೋರೂಮುಗಳಲ್ಲಿ ‘ಔಟ್‌ಡೋರ್ ಬೆತ್ತ’ ಎಂದು ಮಾರುವುದರಲ್ಲಿ ಬಹುಪಾಲು ಅಲ್ಯುಮಿನಿಯಂ ಚೌಕಟ್ಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ. ಬೆತ್ತದ ವೇಷವಾದರೂ ಮಳೆಗೆ ಹೆದರದು.

ಬಯಲಲ್ಲೇ ಇರಬೇಕಾದ ಮರದ ಕುರ್ಚಿಗೆ ತೇಗಕ್ಕೆ ಸಮನಾದದ್ದು ಕಷ್ಟ. ಅದರೊಳಗಿನ ಎಣ್ಣೆಯಂಶ ನೀರನ್ನೂ ಗೆದ್ದಲನ್ನೂ ದೂರವಿಡುತ್ತದೆ. ಹಾಗೇ ಬಿಟ್ಟರೆ ಕೆಲವು ತಿಂಗಳಲ್ಲಿ ಹೊಂಬಣ್ಣ ಹೋಗಿ ಬೆಳ್ಳಿಯ ಬೂದುಬಣ್ಣ ಬರುತ್ತದೆ. ಮರದ ಗಟ್ಟಿತನಕ್ಕೇನೂ ಆಗದು. ಇದನ್ನು ಕಂಡು ಗಾಬರಿಯಾಗಿ ವಾರ್ನಿಶ್ ಬಳಿಯುವವರೇ ಹೆಚ್ಚು. ಬಿಸಿಲಿಗೆ ಆ ಪೊರೆ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ಆಮೇಲೆ ಹಪ್ಪಳ ಏಳುತ್ತದೆ. ಮೆತ್ತನೆಯ ಬ್ರಷ್ಷಿನಲ್ಲಿ ಸೋಪಿನ ನೀರು ಹಾಕಿ ಉಜ್ಜುವುದೇ ಮೇಲು. ಕೊಳೆಯುವುದು ಮೊದಲು ಕಾಲಿನ ತುದಿ, ಏಕೆಂದರೆ ಅಲ್ಲಿ ತೆರೆದ ನಾರು ನೆಲದ ನೀರನ್ನು ಹೀರುತ್ತದೆ. ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆಯನ್ನು ಈ ತುದಿಗೆ ಸವರಬಹುದು. ಸೀಟಿಗೆ ಮಾತ್ರ ಬೇಡ, ಮೈಗೆ ತಾಕಿದರೆ ಬೊಕ್ಕೆ ಏಳುತ್ತದೆ!

ಪ್ಲಾಸ್ಟಿಕ್ ಕುರ್ಚಿಯನ್ನು ಮೂಗು ಮುರಿದು ಬದಿಗೆ ತಳ್ಳುವುದು ಅನ್ಯಾಯ. ಫ್ರಾನ್ಸಿನ ಆನ್ರಿ ಮಾಸೊನ್ನೆ 1972ರಲ್ಲಿ ಒಂದೇ ಅಚ್ಚಿನಲ್ಲಿ ಎರಕವಾಗುವ ಕುರ್ಚಿಯನ್ನು ತಂದರು. ಕೀಲಿಲ್ಲ, ಮೊಳೆಯಿಲ್ಲ. ಮದುವೆ ಪೆಂಡಾಲಿನಿಂದ ಚಹಾ ಅಂಗಡಿಯವರೆಗೆ ಈಗ ಅದರ ಸಂತತಿಯೇ. ಒಂದರ ಮೇಲೊಂದು ಪೇರಿಸಿದರೆ ಹತ್ತು ಕುರ್ಚಿಗೆ ಒಂದೇ ಕುರ್ಚಿಯ ಜಾಗ ಸಾಕು. ಬಿಸಿಲಿನ ನೇರಳಾತೀತ ಕಿರಣವೇ ಅದರ ಶತ್ರು: ಮೇಲ್ಮೈ ಸುಣ್ಣದಂತೆ ಕೈಗೆ ಹತ್ತಿಕೊಂಡರೆ ಪ್ಲಾಸ್ಟಿಕ್ ಪೆಡಸಾಗಿದೆ ಎಂದರ್ಥ, ದಪ್ಪಮೈಯ ಅತಿಥಿಗೆ ಅದನ್ನು ಕೊಡಬಾರದು.

ಜೋಡಿಸುವುದರಲ್ಲಿ ಎಲ್ಲರೂ ಎಡವುವುದು ಎದುರುಬದುರಿನಲ್ಲಿ. ನಾಲ್ಕಡಿ ಅಗಲದ ಬಾಲ್ಕನಿಯಲ್ಲಿ ಎರಡು ಕುರ್ಚಿ ಎದುರುಬದುರಾದರೆ ಮೊಣಕಾಲಿಗೆ ಮೊಣಕಾಲು. ಪಕ್ಕಪಕ್ಕ ಇಟ್ಟು ಕೊಂಚ ಒಳಮುಖವಾಗಿ ತಿರುಗಿಸಿ, ನಡುವೆ ಕೈಗೆಟುಕುವಂತೆ ಟೀಪಾಯಿ ಹಾಕಿದರೆ ಮಾತೂ ಸಾಗುತ್ತದೆ, ಬೀದಿಯೂ ಕಾಣುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟದ ಬಂಗಲೆಗಳ ಪ್ಲಾಂಟರ್ಸ್ ಚೇರಿಗೆ ಇಂಥ ಇಕ್ಕಟ್ಟು ಆಗದು. ಅದರ ಉದ್ದನೆಯ ತೋಳಿನ ಮೇಲೆ ಕಾಲೆರಡನ್ನೂ ಚಾಚಲು ವಿಶಾಲ ವರಾಂಡವೇ ಬೇಕು. ಉತ್ತರ ಕರ್ನಾಟಕದ ಹೊರಸಿಗಾದರೆ ಅಂಗಳವೊಂದಿದ್ದರೆ ಮುಗಿಯಿತು: ರಾತ್ರಿ ಹಾಸಿ, ಬೆಳಿಗ್ಗೆ ಗೋಡೆಗೆ ಒರಗಿಸಿದರಾಯಿತು.

ಕಬ್ಬಿಣದ ಕುರ್ಚಿಯಿದ್ದವರಿಗೆ ಆಯುಧಪೂಜೆಯ ಹಿಂದಿನ ವಾರವೇ ಸರಿಯಾದ ಹೊತ್ತು. ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ, ರೆಡ್ ಆಕ್ಸೈಡ್ ಹೊಡೆದು, ಅದು ಒಣಗಿದ ಮೇಲೆ ಎನಾಮೆಲ್ ಪೇಂಟು. ಪೈಪಿನ ಕಾಲಾದರೆ ಕೆಳಗಿನ ರಬ್ಬರ್ ಬುಷ್ ಕಿತ್ತು ಒಳಗೆ ನಿಂತ ನೀರನ್ನು ಬಗ್ಗಿಸಿ, ಹೊಸ ಬುಷ್ ಹಾಕಬೇಕು.