ಘಾಟಿನಲ್ಲಿ ಉಸಿರು ಕಟ್ಟುವ ಗಾಡಿ

ಪುಣೆಯಿಂದ ಬೆಳಗಾವಿಯತ್ತ ಹೊರಟವರಿಗೆ ಸಾತಾರಾಕ್ಕೆ ಮುಂಚೆ ಖಂಬಾಟಕಿ ಘಾಟ್ ಎದುರಾಗುತ್ತದೆ. ಹಳೆಯ ಡೀಸೆಲ್ ಪಿಕಪ್‌ಗಳ ನಿಜವಾದ ಆರೋಗ್ಯ ತಿಳಿಯುವುದು ಈ ಏರಿನಲ್ಲೇ. ಸಪಾಟು ರಸ್ತೆಯಲ್ಲಿ ಸಲೀಸಾಗಿ ಓಡಿದ ಗಾಡಿ ಇಲ್ಲಿ ಜಗ್ಗಾಡಿ ನಿಂತುಬಿಡಬಹುದು. ತಿರುವಿನಲ್ಲಿ ನಿಂತರೆ ಹಿಂದೆ ಲಾರಿಗಳ ಸಾಲು; ಪ್ರಾಣಕ್ಕೇ ಅಪಾಯ. ಆದ್ದರಿಂದ ಗೆಳೆಯರೇ, ರಜೆಗೆ ಊರಿಗೆ ಹೊರಡುವ ಮುನ್ನವೇ ಪರೀಕ್ಷಿಸಿ.

ಟ್ಯಾಂಕಿನ ಮುಚ್ಚಳ ತೆರೆದಾಗ ಸುಸ್ಸೆಂದು ಗಾಳಿ ಒಳನುಗ್ಗಿ, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದರ್ಥ. ಇಲ್ಲವಾದರೆ ಇಂಜಿನ್ ಆರಿಸಿ, ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ. ಗುಳ್ಳೆಗಳು ನಿಲ್ಲದೆ ಬಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಗುಳ್ಳೆಯಿಲ್ಲದೆ ಡೀಸೆಲ್ ಸಣ್ಣಗೆ ಬಂದರೆ ಟ್ಯಾಂಕಿನ ಜಾಲರಿಯಲ್ಲೋ ಪೈಪಿನಲ್ಲೋ ಕಸ ಕೂತಿರಬೇಕು. ಅವೆರಡೂ ಸ್ವಚ್ಛವಿದ್ದರೆ ಮಾತ್ರ ಪಂಪನ್ನು ಸಂಶಯಿಸಿ. ಫಿಲ್ಟರಿನ ತಳದ ನೀರನ್ನೂ ಇಳಿಸಿ. ಟ್ಯಾಂಕು ಅರ್ಧವಾದರೂ ತುಂಬಿರಲಿ. ತಳ ಕಂಡಿದ್ದರೆ ಏರಿನಲ್ಲಿ ಡೀಸೆಲ್ ಒಂದು ಬದಿಗೆ ಸರಿದು ಪೈಪು ಗಾಳಿಯನ್ನೇ ಹೀರುತ್ತದೆ.

ಕೊಲ್ಲಾಪುರ ದಾಟಿ ನಿಪ್ಪಾಣಿ ತಲುಪಿದರೆ ಕರ್ನಾಟಕ. ಅಲ್ಲಿನ ಗ್ಯಾರೇಜಿನಲ್ಲಿ ಹಿಂದಿ ಹುಡುಕಬೇಡಿ. "ಮಿಸ್ತ್ರಿ, ಪೈಪಿನ್ಯಾಗ ಗುಳ್ಳಿ ಬರಾಕತ್ತಾವ್ರಿ" ಎನ್ನಿ. ಕಂಡದ್ದನ್ನು ಸರಿಯಾಗಿ ಹೇಳಿದರೆ ಅರ್ಧ ರಿಪೇರಿ ಮುಗಿದಂತೆಯೇ.