ಹೊಣೆಯರಿತ ವಿಜ್ಞಾನಿ ಡಾ. ವಿ. ಎಂ. ಘಾಟಗೆ

ಸಾಧಕರನ್ನು ಅಳೆಯಲು ಲೋಕವು ಸಾಮಾನ್ಯವಾಗಿ ಬಳಸುವ ಗೋಲು ಎತ್ತರದ್ದು. ಯಾರು ಎಷ್ಟು ಮೇಲೇರಿದರು, ಎಂಥ ಪದವಿಯಲ್ಲಿ ಕುಳಿತರು ಎಂಬ ವಿವರಗಳೇ ಅಭಿನಂದನ ಗ್ರಂಥಗಳ ಬಹುಭಾಗವನ್ನು ತುಂಬುತ್ತವೆ. ಆದರೆ ಯಾವನ ವಿದ್ಯೆಯನ್ನು ನಂಬಿ ಇನ್ನೊಬ್ಬನು ತನ್ನ ಪ್ರಾಣವನ್ನೇ ಒಪ್ಪಿಸಬೇಕಾಗುತ್ತದೆಯೋ ಅಂಥವನನ್ನು ಈ ಗೋಲಿನಿಂದ ಅಳೆಯಲಾಗದು. ಅವನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಪರರು ಮಾಡಬಹುದಾದ ತಪ್ಪಿಗೂ ಮುಂಚಿತವಾಗಿ ಹೊಣೆಯಾಗಲು ಅವನು ಸಿದ್ಧನಿದ್ದನೇ? ಭಾರತದ ವಿಮಾನ ವಿನ್ಯಾಸಕರಲ್ಲಿ ಆದ್ಯರೆನಿಸಿದ ಡಾ. ವಿಷ್ಣು ಮಾಧವ ಘಾಟಗೆಯವರ ದೀರ್ಘ ಸೇವೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಉಚಿತ.

ಘಾಟಗೆಯವರು ಜನಿಸಿದ್ದು 1908ರಲ್ಲಿ, ಇಂದಿನ ಕೊಲ್ಹಾಪುರ ಜಿಲ್ಲೆಯ ಗಡಿಭಾಗದ ಹಸೂರಚಂಪು ಗ್ರಾಮದಲ್ಲಿ. ಮುಂಬಯಿಯಲ್ಲಿ ವಿಜ್ಞಾನದ ಉನ್ನತ ವ್ಯಾಸಂಗ ಮುಗಿಸಿ ಅವರು ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ವಾಯುಚಲನಶಾಸ್ತ್ರದ ಮಹಾಗುರುವೆನಿಸಿದ್ದ ಲುಡ್ವಿಗ್ ಪ್ರಾಂಟಲ್ ಅವರ ಮಾರ್ಗದರ್ಶನದಲ್ಲಿ 1936ರಲ್ಲಿ ಡಾಕ್ಟರೇಟ್ ಪಡೆದರು. ಹರಿಯುವ ಗಾಳಿ ಯಾವುದೇ ವಸ್ತುವಿನ ಮೈಗೆ ತಾಗುವಲ್ಲಿ ಅತಿ ತೆಳುವಾದ ಒಂದು ಪದರವು ನಿಧಾನಗೊಳ್ಳುತ್ತದೆ ಎಂಬುದನ್ನು ಪ್ರಾಂಟಲ್ 1904ರಲ್ಲಿ ವಿವರಿಸಿದ್ದರು. ವಿಮಾನದ ಮೂತಿ ಮಿತಿಮೀರಿ ಮೇಲೆದ್ದಾಗ ಈ ಪದರವು ರೆಕ್ಕೆಯ ಮೇಲ್ಮೈಯಿಂದ ಕಳಚಿಕೊಳ್ಳುತ್ತದೆ. ಆಗ ಮೇಲೆತ್ತುವ ಬಲ ಥಟ್ಟನೆ ಕುಸಿದು ವಿಮಾನ ಗಿರಕಿ ಹೊಡೆಯುತ್ತ ಬೀಳಬಹುದು. ಹೊಸಬರು ಸಹಜವಾಗಿ ಮಾಡುವ ತಪ್ಪೂ ಇದೇ. ಗುರುವಿನಿಂದ ಬಂದ ಈ ಸೂಕ್ಷ್ಮ ಜ್ಞಾನವು ಮುಂದೆ ಶಿಷ್ಯನ ಕೈಯಲ್ಲಿ ಕಲಿಯುವವರ ಪ್ರಾಣರಕ್ಷಣೆಗೆ ಒದಗಬೇಕಾಗಿತ್ತು.

ಅವರು ಪದವಿ ಪಡೆದ ಕಾಲಕ್ಕೆ ದೇಶದಲ್ಲಿ ವಿಮಾನ ಕಾರ್ಖಾನೆಯೇ ಇರಲಿಲ್ಲ. 1940ರ ಡಿಸೆಂಬರಿನಲ್ಲಿ ಸೊಲ್ಲಾಪುರದ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದಾಗ ಘಾಟಗೆಯವರು ಅದರ ಮೊದಲ ತಂತ್ರಜ್ಞರ ಸಾಲಿಗೆ ಸೇರಿದರು. ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯು ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಗೆ ಮೀಸಲಾಯಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅವರು ಅಲ್ಲಿ ಪಾಠ ಹೇಳಿ, ಮುಂದಿನ ಪೀಳಿಗೆಯ ಎಂಜಿನಿಯರುಗಳನ್ನು ರೂಪಿಸಿದರು. ಸ್ವಾತಂತ್ರ್ಯಾನಂತರ ಮುಖ್ಯ ವಿನ್ಯಾಸಕರಾಗಿ ಮರಳಿ ಕಾರ್ಖಾನೆಗೆ ಬಂದಾಗ ಅವರ ಪಾಲಿಗೆ ಬಂದದ್ದು ತರಬೇತಿ ವಿಮಾನದ ಕೆಲಸ.

ಧಾರವಾಡ ಸೀಮೆಯ ಓದುಗರಿಗೆ ಈ ಕೆಲಸದ ಸ್ವರೂಪ ಅಪರಿಚಿತವೇನಲ್ಲ. ನವಲಗುಂದ, ಅಣ್ಣಿಗೇರಿಗಳ ಎರೆಹೊಲದಲ್ಲಿ ಎಳೆಯ ಹೋರಿಯನ್ನು ನೊಗಕ್ಕೆ ಪಳಗಿಸುವ ರೈತನು ಅದರ ಜೋಡಿಗೆ ನುರಿತ ಎತ್ತನ್ನು ಕಟ್ಟುತ್ತಾನೆ. ಹೋರಿ ಅಡ್ಡ ಎಳೆದರೂ ಹಳೆಯ ಎತ್ತು ಸಾಲು ಬಿಡುವುದಿಲ್ಲ. ತರಬೇತಿ ವಿಮಾನದಲ್ಲಿಯೂ ಹೀಗೆಯೇ ಗುರು ಮತ್ತು ಶಿಷ್ಯ ಇಬ್ಬರ ಕೈಗೂ ನಿಯಂತ್ರಣವಿರುತ್ತದೆ. ಆದರೆ ಶಿಷ್ಯನು ಒಂದು ದಿನ ಒಬ್ಬನೇ ಹಾರಲೇಬೇಕು. ಅಂದು ಅವನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಅವನನ್ನು ನೆಲಕ್ಕೆ ಮರಳಿಸುವ ಗುಣವು ವಿಮಾನದಲ್ಲಿಯೇ ಇರತಕ್ಕದ್ದು. ಹಾಗೆಂದು ಅದು ತೀರಾ ಸಾಧುವಾಗಿದ್ದರೆ ಕಲಿಯುವವನು ಏನನ್ನೂ ಕಲಿಯಲಾರನು. ತೀರಾ ಕಠಿಣವಾಗಿದ್ದರೆ ಕಲಿಯುವ ಮೊದಲೇ ಅಳಿದುಹೋದಾನು. ತಪ್ಪು ತಪ್ಪೆಂದು ತಿಳಿಸಬೇಕು, ತಿದ್ದಿಕೊಳ್ಳಲು ಸಮಯವನ್ನೂ ಕೊಡಬೇಕು. ಇದು ಯಂತ್ರಕ್ಕೆ ಮಾತ್ರವಲ್ಲ, ತಂದೆತಾಯಿಗಳಿಗೂ ಶಿಕ್ಷಕರಿಗೂ ಹೇಳಿದ ಧರ್ಮದಂತಿದೆ.

ಘಾಟಗೆಯವರ ನೇತೃತ್ವದಲ್ಲಿ ಸಿದ್ಧವಾದ ಎಚ್‌ಟಿ-2 ವಿಮಾನವು 1951ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಒಬ್ಬರ ಹಿಂದೊಬ್ಬರು ಕೂಡುವ ಎರಡು ಆಸನಗಳ ಆ ಪುಟ್ಟ ವಿಮಾನದ ಸುಮಾರು 170 ಪ್ರತಿಗಳು ತಯಾರಾದವು. ಘಾನಾ ದೇಶದ ವಾಯುಪಡೆಗೂ ಕೆಲವು ಹೋದವು. ಭಾರತೀಯ ವಾಯುಪಡೆಯ ಹಲವು ಪೀಳಿಗೆಯ ಚಾಲಕರು ಮೊದಲ ಪಾಠ ಕಲಿತದ್ದು ಅದರಲ್ಲಿಯೇ.

1956ರಲ್ಲಿ ಜರ್ಮನಿಯ ಖ್ಯಾತ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ನೇತೃತ್ವದ ಮಾರುತ್ ಯುದ್ಧವಿಮಾನವು 1961ರಲ್ಲಿ ಹಾರಿತು. ಕಾರ್ಖಾನೆಯ ಶಕ್ತಿ, ದೇಶದ ಗಮನ ಎರಡೂ ಸಹಜವಾಗಿ ಅತ್ತ ಹರಿದವು. ಅದೇ ವರ್ಷಗಳಲ್ಲಿ ಘಾಟಗೆಯವರ ವಿನ್ಯಾಸ ತಂಡವು ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಪುಷ್ಪಕ್, ವೀಕ್ಷಣಾ ಕಾರ್ಯಕ್ಕಾಗಿ ಕೃಷಕ್ ವಿಮಾನಗಳನ್ನು ರೂಪಿಸಿತು. 1959ರಲ್ಲಿ ಒಪ್ಪಿಗೆ ದೊರೆತ ಜೆಟ್ ತರಬೇತಿ ವಿಮಾನದ ಕೆಲಸವು ಮಾರುತ್‌ನ ಕೆಲಸದಿಂದಾಗಿ ನಿಧಾನವಾಯಿತು, ಆದರೂ ನಿಲ್ಲಲಿಲ್ಲ. 1964ರ ಸೆಪ್ಟೆಂಬರ್ 4ರಂದು ಕಿರಣ್ ಹಾರಿತು. ಅದರಲ್ಲಿ ಗುರು ಶಿಷ್ಯರು ನೊಗದ ಎರಡು ಎತ್ತುಗಳಂತೆ ಪಕ್ಕಪಕ್ಕದಲ್ಲಿ ಕೂಡುತ್ತಿದ್ದರು. ಮಾರುತ್ 1990ರ ಸುಮಾರಿಗೆ ಸೇವೆಯಿಂದ ನಿವೃತ್ತವಾಯಿತು. ಕಿರಣ್ ಆಮೇಲೆಯೂ ಎಷ್ಟೋ ವರ್ಷ ಕಲಿಸುತ್ತಲೇ ಇತ್ತು.

ಈ ವಿಮಾನಗಳಲ್ಲಿ ಕಲಿತವರು ಬಹುಪಾಲು ಸೈನಿಕರೆಂಬುದನ್ನು ಮರೆಮಾಚಬೇಕಾಗಿಲ್ಲ. ಅಹಿಂಸೆಯನ್ನು ನೆಚ್ಚಿದ ಮನಸ್ಸಿಗೆ ಇಲ್ಲಿ ಸಂಕೋಚ ಮೂಡುವುದು ಸಹಜ. ಆದರೆ ಸೈನಿಕನಾಗಲು ಹೊರಟ ಇಪ್ಪತ್ತರ ಹರೆಯದ ಹುಡುಗನೂ ಒಂದು ಜೀವವೇ. ಅವನು ಅಜ್ಞಾನದಿಂದ ಮಾಡಿದ ಒಂದು ತಪ್ಪಿಗೆ ಮರಣವೇ ಶಿಕ್ಷೆಯಾಗಬಾರದೆಂದು ವರ್ಷಗಟ್ಟಲೆ ಲೆಕ್ಕ ಹಾಕಿ ಕುಳಿತವರ ಶ್ರಮದಲ್ಲಿ ಜೀವದಯೆಯ ಒಂದು ಅಂಶವಿದೆ ಎಂದರೆ ಅತಿಶಯೋಕ್ತಿಯಾಗದು. ಈ ವೃತ್ತಿಯಲ್ಲಿ ಪ್ರಾಣದ ಬೆಲೆ ಏನೆಂಬುದನ್ನು ಬೆಂಗಳೂರಿನ ಒಂದು ರಸ್ತೆಯೇ ಸಾರುತ್ತದೆ. 1970ರ ಜನವರಿಯಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿ ಮಡಿದ ಸುರಂಜನ್ ದಾಸ್ ಅವರ ಹೆಸರು ಆ ರಸ್ತೆಗಿದೆ. ಅದೇ ಪರಿಸರದ ಒಂದು ಸಭಾಭವನಕ್ಕೆ ಘಾಟಗೆಯವರ ಹೆಸರಿಡಲಾಗಿದೆ. ಹಾರಿ ನೋಡಿದವನ ಹೆಸರೂ ಹಾರುವಂತೆ ಮಾಡಿದವನ ಹೆಸರೂ ನೆರೆಹೊರೆಯಲ್ಲಿರುವುದು ಯೋಗ್ಯವಾಗಿದೆ.

1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಎಂದು ಪುನರ್ರಚನೆಗೊಂಡ ಸಂಸ್ಥೆಯಲ್ಲಿ ಅವರು ಆಡಳಿತದ ಉನ್ನತ ಸ್ಥಾನಗಳನ್ನೂ ನಿರ್ವಹಿಸಿದರು. 1965ರಲ್ಲಿ ಪದ್ಮಶ್ರೀ ಗೌರವ ಸಂದಿತು. 1991ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿಯನ್ನು ಭಾರತೀಯ ಏರೋನಾಟಿಕಲ್ ಸೊಸೈಟಿ ವಿಮಾನ ವಿಜ್ಞಾನದ ಸಾಧಕರಿಗೆ ನೀಡುತ್ತ ಬಂದಿದೆ. ಇಷ್ಟಾದರೂ ಹಳ್ಳಿಯ ಶಾಲೆಯ ಮಕ್ಕಳನ್ನು ಕೇಳಿದರೆ ಈ ಹೆಸರನ್ನು ಬಲ್ಲವರು ವಿರಳ.

ಈ ಮರೆವಿನಿಂದ ಅವರಿಗೆ ನಷ್ಟವೇನೂ ಇಲ್ಲ; ನಷ್ಟವಿರುವುದು ಮಕ್ಕಳಿಗೆ. ಜಾಣನಾದ ಹುಡುಗನಿಗೆ ಹಿರಿಯರು ದೊಡ್ಡವನಾಗು ಎಂದು ಹರಸುತ್ತಾರೆ. ನಿನ್ನ ಕೈಕೆಲಸವನ್ನು ನಂಬಿದವರು ಕೆಡದಂತೆ ನೋಡಿಕೋ ಎಂದೂ ಒಂದು ಮಾತು ಸೇರಿಸಿದರೆ ಆ ಹರಕೆ ಪೂರ್ಣವಾದೀತು. ಶಾಲೆಯ ಚಾವಣಿ ಹಾಕುವ ಮೇಸ್ತ್ರಿಗೂ ಔಷಧಿ ಅಳೆದು ಕೊಡುವವನಿಗೂ ಬಸ್ಸಿನ ಬ್ರೇಕು ಬಿಗಿಯುವವನಿಗೂ ಈ ಮಾತು ವಿಮಾನದ ವಿನ್ಯಾಸಕನಷ್ಟೇ ಸಲ್ಲುತ್ತದೆ.